ಗೋವೈದ್ಯದ ಮಾದರಿ ಮತ್ತು ಮೀನಿನ ಚಿಕಿತ್ಸೆ

ಪ್ರಾಣಿಚಿಕಿತ್ಸೆಯನ್ನು ಕುರಿತ ಕನ್ನಡ ಬರವಣಿಗೆ ಇಂದು ನಿನ್ನೆಯದಲ್ಲ. ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ 'ಗೋವೈದ್ಯ'ವನ್ನು ರಚಿಸಿದನು; 1400ರ ಸುಮಾರಿನಲ್ಲಿ ಅಭಿನವಚಂದ್ರನು 'ಅಶ್ವವೈದ್ಯ'ವನ್ನು ಬರೆದನು. ಸಾಹಿತ್ಯಚರಿತ್ರೆಗಳು ಇವನ್ನು ಶಾಸ್ತ್ರಗ್ರಂಥಗಳ ಪಟ್ಟಿಗೆ ಸೇರಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಈ ಪರಂಪರೆಯ ಚೌಕಟ್ಟು ಇಂದಿನ ಕನ್ನಡ ಕೈಪಿಡಿಗಳಲ್ಲಿಯೂ ಜೀವಂತವಾಗಿದೆ. ದನಕ್ಕೂ ಕುದುರೆಗೂ ಒಪ್ಪಿದ ಆ ಚೌಕಟ್ಟನ್ನು ಮೀನಿಗೂ ತೊಡಿಸಿರುವುದು ಸರಿಯೆ ಎಂಬುದೇ ಇಲ್ಲಿ ನಮ್ಮ ವಿಚಾರ.

ಗೋವೈದ್ಯದಲ್ಲಿ ಮದ್ದಿನೊಡನೆ ಮಂತ್ರವೂ ಬೆರೆತಿದೆಯೆಂದು ನಗುವವರುಂಟು, ನಾವು ನಗಲಾರೆವು. ಗೂಟಕ್ಕೆ ಕಟ್ಟಿದ ಒಂದು ಹಸು, ಅದರ ಬಳಿ ನಿಂತ ಒಡೆಯ, ಕಣ್ಣಿಗೆ ಕಾಣುವ ಲಕ್ಷಣ, ಗೊಟ್ಟದಲ್ಲಿ ಕುಡಿಸುವ ಔಷಧ: ಈ ವ್ಯವಸ್ಥೆಯಲ್ಲಿ ರೋಗಿ ಯಾರೆಂಬ ಸಂದೇಹವೇ ಏಳುವುದಿಲ್ಲ. ಮೀನಿಗೆ ಇಂಥ ಗ್ರಂಥ ಹುಟ್ಟಲಿಲ್ಲ. ಅದೇ ರಾಜಮನೆತನದ ಮೂರನೆಯ ಸೋಮೇಶ್ವರನು 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮತ್ಸ್ಯವಿನೋದ ಪ್ರಕರಣವು ಮೀನಿನ ಜಾತಿಗಳನ್ನೂ ಅವುಗಳಿಗೆ ಹಾಕುವ ಆಹಾರವನ್ನೂ ವಿವರಿಸುತ್ತದೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿ ಆ ಜಾತಿಗಳನ್ನು ಗುರುತಿಸಲು ಯತ್ನಿಸಿದರು. ಅರಸನ ಅವಲೋಕನ ಸೂಕ್ಷ್ಮವಾದುದೇ ಸರಿ. ಆದರೆ ಅದು ಗಾಳಕ್ಕಾಗಿ ಮಾಡಿದ ಅವಲೋಕನ. ಮೀನು ಅಲ್ಲಿ ವಿನೋದದ ವಸ್ತು, ರೋಗಿಯಲ್ಲ.

ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಕಡೆ ನಿಂತು ನೋಡಿದರೆ ಈ ಕೊರತೆಯ ಅರ್ಥ ತಿಳಿಯುತ್ತದೆ. ಹೊಯ್ಸಳರ ಕಾಲದ ಜೈನ ಬಸದಿಯುಳ್ಳ ಈ ಊರಿನ ಒಂದು ಕಡೆ ಗುಬ್ಬಿ, ಕಡಬ. ದಕ್ಷಿಣಕ್ಕೆ ಸರಿದರೆ ಕುಣಿಗಲು. ಎಲ್ಲವೂ ಕೆರೆಯ ಸೀಮೆ. ಕುದುರೆಯ ತಳಿಗೆ ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲಿನಲ್ಲಿ ಅಶ್ವವೈದ್ಯಕ್ಕೆ ಸಹಜವಾಗಿಯೇ ನೆಲೆಯಿತ್ತು. ಅದೇ ಊರಿನ ದೊಡ್ಡಕೆರೆಯ ಮೀನು ಕಾಯಿಲೆ ಬಿದ್ದರೆ ಯಾವ ಪುಸ್ತಕ ತೆರೆಯಬೇಕು?

1988ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡು ಮುಂದಿನ ವರ್ಷಗಳಲ್ಲಿ ದಕ್ಷಿಣಕ್ಕೂ ಇಳಿದ ಹುಣ್ಣುರೋಗವನ್ನೇ ತೆಗೆದುಕೊಳ್ಳೋಣ. ಅಫನೊಮೈಸಿಸ್ ಇನ್ವಡಾನ್ಸ್ ಎಂಬ, ಬೂಷ್ಟನ್ನು ಹೋಲುವ ಜೀವಿ ಇದಕ್ಕೆ ಮೂಲ. ಮೈಮೇಲೆ ಕೆಂಪು ಕಲೆ, ಅನಂತರ ಆಳವಾದ ಹುಣ್ಣು. ಕೊರವ ಮೀನಿಗೆ ಇದರ ಪೆಟ್ಟು ವಿಶೇಷ. ಮಳೆಗಾಲ ಕಳೆದು ನೀರು ತಣ್ಣಗಾದಾಗ ರೋಗ ಬಲಿಯುತ್ತದೆ. ಕೆರೆಯ ಒಂದೊಂದು ಮೀನನ್ನೂ ಹಿಡಿದು ಮದ್ದು ಕುಡಿಸುವುದುಂಟೆ? ಸುಣ್ಣವನ್ನು ನೀರಿಗೇ ಹಾಕುತ್ತಾರೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯವರು ಸಿದ್ಧಪಡಿಸಿದ 'ಸಿಫಾಕ್ಸ್' ಔಷಧದ ಪ್ರಮಾಣವೂ ಹೆಕ್ಟೇರಿನಷ್ಟು ಹರವಿನ, ಒಂದು ಮೀಟರು ಆಳದ ನೀರಿಗೆ 1 ಲೀಟರು. ಮೀನಿನ ತೂಕ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಆದರೂ ನಮ್ಮ ಕೈಪಿಡಿಗಳಲ್ಲಿ ಹಲವು 'ಲಕ್ಷಣ, ಕಾರಣ, ಚಿಕಿತ್ಸೆ' ಎಂಬ ಗೋವೈದ್ಯದ ಕ್ರಮವನ್ನೇ ಹಿಡಿದು, 'ಜಲ ಗುಣಮಟ್ಟ ನಿಯತಾಂಕಗಳು' ಎಂಬ ಭಾರದ ಶೀರ್ಷಿಕೆಯಡಿ ನೀರಿನ ಮಾತನ್ನು ಕೊನೆಗೆ ತಳ್ಳುತ್ತವೆ. ಇದು ಬರಿಯ ಶೈಲಿಯ ದೋಷವಲ್ಲ. ನಸುಕಿನಲ್ಲಿ ಮೀನುಗಳೆಲ್ಲ ಮೇಲೆದ್ದು ಬಾಯಿ ಬಿಡುತ್ತಿದ್ದರೆ ಅದು ಬಹುಮಟ್ಟಿಗೆ ಉಸಿರಿನ ಕೊರತೆ: ಹಗಲಲ್ಲಿ ಆಮ್ಲಜನಕ ಕೊಟ್ಟ ಪಾಚಿ ಇರುಳಲ್ಲಿ ತಾನೇ ಅದನ್ನು ಬಳಸುತ್ತದೆ, ಬೆಳಗಿನ ಜಾವಕ್ಕೆ ನೀರಿನಲ್ಲಿ ಅದು ತೀರ ಕಡಿಮೆ. ಗೊಬ್ಬರವೆಂದು ಸುರಿದ ಸಗಣಿ ಹೆಚ್ಚಾದರಂತೂ ಕೇಳುವುದೇ ಬೇಡ. (ಹಸುವಿನ ಆರೈಕೆಯ ಶೇಷ ಹೀಗೆ ಮೀನಿಗೆ ವಿಷವಾಗುವುದು ವಿಚಿತ್ರ.) ಲಕ್ಷಣದಿಂದ ಹೊರಟ ಓದುಗನು ರೋಗದ ಹೆಸರನ್ನು ಹುಡುಕುತ್ತಿರುವಷ್ಟರಲ್ಲಿ ಮೀನು ಸತ್ತು ತೇಲಿರುತ್ತದೆ.

ಇಲ್ಲಿ ಕನ್ನಡಕ್ಕೆ ಪದದಾರಿದ್ರ್ಯವೇನೂ ಇಲ್ಲ. ತೂಬು, ಕೋಡಿ, ಏರಿ, ಅಂಗಳ, ಹೂಳು, ಗೋಡು, ಜೊಂಡು: ನೀರಿನ ಬರವು, ನಿಲವು, ಕೇಡುಗಳನ್ನು ತಿಳಿಸುವ ಮಾತುಗಳು ಕೆರೆಬಯಲಿನವರಲ್ಲಿ ಹೇರಳವಾಗಿವೆ. ತೂಬೆತ್ತುವ ನೀರುಗಂಟಿಯು ನೀರಿನ ಏರಿಳಿತವನ್ನು ದಿನವೂ ಕಂಡವನು. ಮೀನಿನ ವೈದ್ಯನಿಗೆ ಪೂರ್ವಿಕನೊಬ್ಬನನ್ನು ಹುಡುಕುವುದಾದರೆ ನಾವು ಕೀರ್ತಿವರ್ಮನಿಗಿಂತ ಮೊದಲು ಈತನನ್ನು ಹೆಸರಿಸುತ್ತೇವೆ.

ಮನೆಯಲ್ಲಿ ಸಾಕುವ ವಿದೇಶೀ ಜೀವಿಗಳಿಗೂ ಈ ಮಾತು ಸಲ್ಲುತ್ತದೆ. ಗಾಜಿನ ತೊಟ್ಟಿಯ ಚಿನ್ನದ ಮೀನನ್ನು ನಲ್ಲಿನೀರಿನ ಕ್ಲೋರೀನು ಕೊಲ್ಲಬಲ್ಲದು. ಕೆಂಗಿವಿಯ ಆಮೆಯ ಚಿಪ್ಪು ಮೆತ್ತಗಾಗುವುದು ಬಿಸಿಲೂ ಸುಣ್ಣದ ಅಂಶವೂ ಸಾಲದೆ.

1958ರ ಹೆಬ್ಬಾಳದ ಪಶುವೈದ್ಯ ಕಾಲೇಜನ್ನೂ 1969ರ ಮಂಗಳೂರಿನ ಮೀನುಗಾರಿಕಾ ಕಾಲೇಜನ್ನೂ 2004ರ ಕಾಯಿದೆ ಬೀದರಿನ ಒಂದೇ ವಿಶ್ವವಿದ್ಯಾನಿಲಯದೊಳಕ್ಕೆ ತಂದಿತು. ಪಶುವೂ ಮೀನೂ ಒಂದೇ ಸೂರಿನಡಿ ಬಂದುದು ಒಳಿತೇ. ಆದರೆ 'ಗೋವೈದ್ಯ'ದ ಅಚ್ಚಿನಲ್ಲಿ 'ಮತ್ಸ್ಯವೈದ್ಯ'ವೆಂಬ ಪದವನ್ನು ಎರಕ ಹೊಯ್ಯುವವರನ್ನು ನಾವು ಕೇಳಬೇಕಾದುದಿಷ್ಟು: ಆ ಪುಸ್ತಕದ ಮೊದಲನೆಯ ಅಧ್ಯಾಯ ಮೀನಿನ ಮೈಯನ್ನು ಕುರಿತದ್ದೋ, ಕೆರೆಯ ನೀರನ್ನು ಕುರಿತದ್ದೋ?