‘ಅನಿಮಲ್ ಫಾರ್ಮ್’ ಮತ್ತು ರಷ್ಯದ ಕ್ರಾಂತಿ

ಪ್ರಾಣಿಗಳು ಮಾತನಾಡುವ ಕಥೆಗಳು ನಮಗೆ ಹೊಸವಲ್ಲ. ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದನು; ಕರಟಕ ದಮನಕರ ಹೆಸರು ಕೇಳದ ಶಾಲಾ ಬಾಲಕನು ವಿರಳ. ಆದರೆ ಪಂಚತಂತ್ರವು ಆಳುವ ರಾಜಪುತ್ರರಿಗೆ ನೀತಿ ಕಲಿಸಲೆಂದು ಹುಟ್ಟಿದುದು. ಜಾರ್ಜ್ ಆರ್ವೆಲ್ಲನ ‘ಅನಿಮಲ್ ಫಾರ್ಮ್’ ಆಳಿಸಿಕೊಳ್ಳುವವರಿಗಾಗಿ ಬರೆದುದು. ಈ ಭೇದವನ್ನು ಮರೆತು ಇದನ್ನು ಬರಿಯ ವಿನೋದಕ್ಕೆಂದು ಓದಿಸುವವರಿದ್ದಾರೆ. ಇನ್ನು ಕೆಲವರು ಸಮತಾವಾದದ ಮೇಲಿನ ಬೈಗುಳವೆಂದು ಬಗೆದು ಸಂತೋಷಪಡುತ್ತಾರೆ. ಎರಡೂ ಗ್ರಂಥಕ್ಕೆ ಮಾಡುವ ಅನ್ಯಾಯವೆಂದೇ ನಮ್ಮ ಮತ.

ಆರ್ವೆಲ್ಲನು ೧೯೦೩ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಜನಿಸಿದವನು; ಕೊನೆಯವರೆಗೂ ತನ್ನನ್ನು ಸಮಾಜವಾದಿಯೆಂದೇ ಕರೆದುಕೊಂಡವನು. ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋನ ವಿರುದ್ಧ ಹೋರಾಡಿ ೧೯೩೭ರಲ್ಲಿ ಗಂಟಲಿಗೆ ಗುಂಡೇಟು ತಿಂದನು. ಗಾಯ ಮಾಯುವ ಮೊದಲೇ ಆತನ ದಳದವರನ್ನು ಸ್ಟಾಲಿನ್ನನ ಪಕ್ಷಪಾತಿಗಳು ದ್ರೋಹಿಗಳೆಂದು ಸಾರಿ ಬೇಟೆಯಾಡತೊಡಗಲು, ಪತ್ನಿಯೊಡನೆ ತಪ್ಪಿಸಿಕೊಂಡು ಬಂದನು. ೧೯೪೫ರಲ್ಲಿ ಪ್ರಕಟವಾದ ಈ ಕಿರುಗ್ರಂಥದ ಹಿಂದೆ ಆ ಅನುಭವವಿದೆ.

ಕಥೆ ಸರಳವಾದುದು. ಜೋನ್ಸನೆಂಬ ಒಕ್ಕಲಿಗನನ್ನು ಅವನ ಪ್ರಾಣಿಗಳು ಓಡಿಸಿ, ಎಲ್ಲರೂ ಸಮಾನರೆಂಬ ಏಳು ಕಟ್ಟಳೆಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದುಕೊಳ್ಳುತ್ತವೆ. ಬುದ್ಧಿಶಾಲಿಗಳಾದ ಹಂದಿಗಳು ಮೇಲ್ವಿಚಾರಣೆಗೆ ನಿಲ್ಲುತ್ತವೆ. ಕ್ರಮೇಣ ನೆಪೋಲಿಯನ್ ಎಂಬ ಹಂದಿಯು ತಾನು ಸಾಕಿದ ನಾಯಿಗಳನ್ನು ಛೂಬಿಟ್ಟು ಸ್ನೋಬಾಲನನ್ನು ಹೊರಗಟ್ಟಿ ಒಡೆಯನಾಗುತ್ತದೆ. ನೆಪೋಲಿಯನ್ ಸ್ಟಾಲಿನ್ನನು, ಸ್ನೋಬಾಲ್ ೧೯೨೯ರಲ್ಲಿ ದೇಶಭ್ರಷ್ಟನಾದ ಟ್ರಾಟ್ಸ್ಕಿ, ನಾಯಿಗಳು ಗುಪ್ತ ಪೊಲೀಸರು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಹೆಸರಿಗೆ ಹೆಸರು ಹೊಂದಿಸುವುದರಲ್ಲಿಯೇ ವಿಮರ್ಶೆ ಮುಗಿಯಿತೆಂದು ತಿಳಿಯುವುದು ತಪ್ಪು. ಹಾಗೆ ಹೊಂದಿಸುತ್ತ ಹೋದರೆ ಒಂದು ದೊಡ್ಡ ಬರಿದು ಸ್ಥಳವು ಕಣ್ಣಿಗೆ ಬೀಳುತ್ತದೆ: ಕಥೆಯಲ್ಲಿ ಲೆನಿನ್ ಇಲ್ಲ. ಮುದಿ ಹಂದಿ ಮೇಜರ್ ಕ್ರಾಂತಿಗೆ ಮೊದಲೇ ಸಾಯುತ್ತದೆ. ಅನಂತರ ನೇರವಾಗಿ ನೆಪೋಲಿಯನ್ನನ ಕಾಲ. ಇದರಿಂದ ಒಬ್ಬ ದುಷ್ಟನು ಸೇರಿಕೊಂಡುದರಿಂದಲೇ ಒಳ್ಳೆಯ ಕ್ರಾಂತಿ ಕೆಟ್ಟಿತು ಎಂಬ ಭಾವನೆ ಎಳೆಯ ವಾಚಕನಲ್ಲಿ ಮೂಡುವುದು ಸಹಜ.

ಚರಿತ್ರೆ ಹೇಳುವುದು ಬೇರೆ. ೧೯೧೭ರ ನವೆಂಬರಿನಲ್ಲಿ ಅಧಿಕಾರ ಕೈಗೆ ಬಂದ ಎರಡೇ ದಿನಗಳಲ್ಲಿ ಬೋಲ್ಷೆವಿಕರು ವಿರೋಧಿ ಪತ್ರಿಕೆಗಳನ್ನು ಮುಚ್ಚುವ ಆಜ್ಞೆ ಹೊರಡಿಸಿದರು. ಇದು ತಾತ್ಕಾಲಿಕ, ಸಮಾಜವು ಸುಸ್ಥಿತಿಗೆ ಬಂದೊಡನೆ ರದ್ದಾಗುವುದು ಎಂದು ಆ ಆಜ್ಞೆಯಲ್ಲಿಯೇ ನಮೂದಿಸಿತ್ತು. ಆ ಸುಸ್ಥಿತಿಗೆ ಕಾಯಬೇಕಾಗಿ ಬಂದ ಕಾಲ ಎಪ್ಪತ್ತಮೂರು ವರ್ಷ ಸಮೀಪ. ಪತ್ರಿಕೆಗಳ ಮೇಲಿನ ಕಾವಲನ್ನು ತೆಗೆದ ಕಾನೂನು ಬಂದುದು ೧೯೯೦ರ ಜೂನ್ ತಿಂಗಳಲ್ಲಿ. ಅದೇ ೧೯೧೭ರ ಡಿಸೆಂಬರಿನಲ್ಲಿ ‘ಚೆಕಾ’ ಎಂಬ ಗುಪ್ತ ಪೊಲೀಸ್ ದಳ ಹುಟ್ಟಿತು. ಸಂವಿಧಾನ ಸಭೆಗೆ ನಡೆದ ಚುನಾವಣೆಯಲ್ಲಿ ಬೋಲ್ಷೆವಿಕರಿಗೆ ಸಿಕ್ಕಿದ ಮತಗಳು ಸುಮಾರು ಕಾಲುಭಾಗ ಮಾತ್ರ. ೧೯೧೮ರ ಜನವರಿಯಲ್ಲಿ ಕೂಡಿದ ಆ ಸಭೆಗೆ ಮರುದಿನವೇ ಬೀಗ ಬಿದ್ದಿತು. ೧೯೨೧ರ ಮಾರ್ಚಿನಲ್ಲಿ ಕ್ರೋನ್‌ಷ್ಟಾಟಿನ ನಾವಿಕರು ಗುಪ್ತ ಮತದಾನವನ್ನೂ ಕಾರ್ಮಿಕ ರೈತರಿಗೆ ವಾಕ್‌ಸ್ವಾತಂತ್ರ್ಯವನ್ನೂ ಬೇಡಿದರು. ಇವರು ೧೯೧೭ರಲ್ಲಿ ಕ್ರಾಂತಿಯ ಹೆಮ್ಮೆಯೆನಿಸಿದ್ದವರು. ಕೆಂಪು ಸೇನೆಯು ಹೆಪ್ಪುಗಟ್ಟಿದ ಕಡಲ ಮೇಲೆ ನಡೆದು ಅವರನ್ನು ಅಡಗಿಸಿತು. ಆ ದಿನಗಳಲ್ಲೇ ನೆರೆದಿದ್ದ ಪಕ್ಷದ ಹತ್ತನೆಯ ಅಧಿವೇಶನವು ಪಕ್ಷದೊಳಗೂ ಬಣಗಳಿರಕೂಡದೆಂದು ವಿಧಿಸಿತು. ಮೊದಲು ದೇಶದಲ್ಲಿ ಒಂದೇ ಪಕ್ಷ, ಅನಂತರ ಪಕ್ಷದಲ್ಲಿ ಒಂದೇ ದನಿ. ಸ್ಟಾಲಿನ್ನನು ಪ್ರಧಾನ ಕಾರ್ಯದರ್ಶಿಯಾದುದು ೧೯೨೨ರಲ್ಲಿ. ಅವನ ಕೈಗೆ ಬಂದ ಯಂತ್ರವು ಆಗಲೇ ಸಿದ್ಧವಾಗಿತ್ತು. ಆ ಯಂತ್ರವನ್ನು ಅವನು ಯಾವ ಮಟ್ಟಕ್ಕೆ ಒಯ್ದನೆಂಬುದು ಬೇರೆ ಮಾತು. ೧೯೩೭-೩೮ರಲ್ಲಿ ಗುಂಡಿಗೆ ಗುರಿಯಾದವರು ಆರು ಲಕ್ಷ ಎಂಬತ್ತು ಸಾವಿರಕ್ಕೂ ಮಿಗಿಲೆಂದು ಅಲ್ಲಿನ ಸರ್ಕಾರಿ ದಫ್ತರಗಳೇ ಹೇಳುತ್ತವೆ.

ಅಂತರ್ಯುದ್ಧ, ವಿದೇಶಿ ಸೇನೆಗಳ ದಾಳಿ, ಕ್ಷಾಮ—ಈ ಸಂಕಟಗಳೆಲ್ಲ ನಿಜವಾದುವೇ. ಲೆನಿನ್ನನಿಗೆ ಕಾರಣಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಪ್ರತಿಯೊಂದು ಕಾರಣವೂ ಒಂದೊಂದು ಬಾಗಿಲನ್ನು ಮುಚ್ಚಿತು, ಕಾರಣವು ತೀರಿದ ಮೇಲೂ ಬಾಗಿಲು ತೆರೆಯಲಿಲ್ಲ.

ಆರ್ವೆಲ್ಲನು ಇದನ್ನು ಅರಿಯದವನೆ? ಅಲ್ಲ. ಹಂದಿಗಳು ಹಾಲನ್ನೂ ಸೇಬುಗಳನ್ನೂ ತಮಗೆಂದೇ ಇರಿಸಿಕೊಂಡ ಗಳಿಗೆಯೇ ಕಥೆಯ ತಿರುವು ಎಂದು ೧೯೪೬ರ ಒಂದು ಪತ್ರದಲ್ಲಿ ಆತನೇ ವಿವರಿಸಿ, ಅಲ್ಲಿ ಕ್ರೋನ್‌ಷ್ಟಾಟನ್ನು ನೆನೆದಿದ್ದಾನೆ. ಹಾಲು ಮಾಯವಾದಾಗ ಆ ನಾಯಿಗಳಿನ್ನೂ ಹುಟ್ಟಿಯೇ ಇರಲಿಲ್ಲ. ನೆಪೋಲಿಯನ್ ಸ್ನೋಬಾಲ್ ಇಬ್ಬರೂ ಅಲ್ಲಿದ್ದಾರೆ, ಸೇಬಿನ ವಿಷಯದಲ್ಲಿ ಇಬ್ಬರೂ ಒಮ್ಮತದವರು. ಇಷ್ಟನ್ನು ಆತನು ಎಷ್ಟು ಸದ್ದಿಲ್ಲದೆ ಹೇಳಿದ್ದಾನೆಂದರೆ ಅವಸರದ ಓದಿಗೆ ದಕ್ಕುವುದೇ ಇಲ್ಲ. ತರಗತಿಯಲ್ಲಿ ಈ ಗ್ರಂಥವನ್ನು ಕೈಗೆತ್ತಿಕೊಳ್ಳುವ ಉಪಾಧ್ಯಾಯರು ನಾಯಿಗಳ ಪ್ರಸಂಗಕ್ಕೆ ಧಾವಿಸದೆ ಹಾಲಿನ ಬಳಿ ಒಂದು ದಿನ ನಿಲ್ಲುವುದು ಲೇಸು.

ನಮ್ಮ ಎರಡನೆಯ ಆಕ್ಷೇಪ ಉಪಾಧ್ಯಾಯ ವೃತ್ತಿಗೆ ಹತ್ತಿರವಾದುದು. ಗೋಡೆಯ ಕಟ್ಟಳೆಗಳು ರಾತ್ರೋರಾತ್ರಿ ಬದಲಾಗುತ್ತವೆ. ಬಹುತೇಕ ಪ್ರಾಣಿಗಳು ನಿರಕ್ಷರಿಗಳಾದುದರಿಂದ ಮೋಸ ನಡೆಯುತ್ತದೆ. ದುಡಿಮೆಗಾರ ಕುದುರೆ ಬಾಕ್ಸರನಿಗೆ ನಾಲ್ಕಕ್ಷರದಾಚೆ ಹತ್ತುವುದಿಲ್ಲ. ಕಥೆಯಲ್ಲಿ ಇದು ಹೃದಯಸ್ಪರ್ಶಿಯೇ ಹೌದು. ಆದರೆ ರಷ್ಯದಲ್ಲಿ ನಡೆದುದು ಇದಕ್ಕಿಂತ ಘೋರ. ಅಲ್ಲಿನ ಸರ್ಕಾರವು ೧೯೧೯ರಲ್ಲಿ ನಿರಕ್ಷರತೆಯನ್ನು ತೊಡೆಯಲು ಕಾಯಿದೆ ಮಾಡಿತು. ೧೮೯೭ರಲ್ಲಿ ಐವರಲ್ಲಿ ಒಬ್ಬನಿಗಷ್ಟೇ ಇದ್ದ ಓದು, ೧೯೩೯ರ ವೇಳೆಗೆ ಒಂಬತ್ತು ವರ್ಷ ಮೀರಿದವರಲ್ಲಿ ಐವರಿಗೆ ನಾಲ್ವರಿಗೆ ಬಂದಿತ್ತು. ಈ ಸಾಧನೆಯನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಬಾಕ್ಸರನಿಗೆ ಅಕ್ಷರ ಕಲಿಸಿದರು. ಕಲಿಸಿ, ಅವನೋದುವ ಪುಟವನ್ನು ತಿದ್ದಿದರು. ೧೯೩೭ರ ಸುಮಾರಿಗೆ ಪದಚ್ಯುತ ಸೇನಾನಿಗಳ ಭಾವಚಿತ್ರಗಳ ಮೇಲೆ ಮಸಿ ಬಳಿಯಿರೆಂದು ಉಪಾಧ್ಯಾಯರು ಮಕ್ಕಳಿಗೆ ಹೇಳಬೇಕಾಗಿ ಬಂದಿತು. ೧೯೫೩ರಲ್ಲಿ ಬೆರಿಯಾ ಪತನಗೊಂಡ ಮೇಲೆ ಸೋವಿಯತ್ ಮಹಾವಿಶ್ವಕೋಶದ ಚಂದಾದಾರರಿಗೆ ಹೊಸ ಹಾಳೆಗಳು ಬಂದವು: ಬೆರಿಯಾನ ಲೇಖನವನ್ನು ಕತ್ತರಿಸಿ ತೆಗೆದು, ಬೇರಿಂಗ್ ಸಮುದ್ರ ಮೊದಲಾದುವನ್ನು ಕುರಿತ ಆ ಹಾಳೆಗಳನ್ನು ಅಂಟಿಸಿಕೊಳ್ಳಬೇಕೆಂದು. ಪ್ರಜೆಯ ಓದು, ನೆನಪು, ಮಾತುಗಳೆಲ್ಲವನ್ನೂ ಹಿಡಿತದಲ್ಲಿಟ್ಟುಕೊಳ್ಳುವ ಸರ್ವಂಕಷ ಪ್ರಭುತ್ವಕ್ಕೆ ನಿರಕ್ಷರಿಗಿಂತ ಅಕ್ಷರಸ್ಥನೇ ಅನುಕೂಲ. ಕಥೆಯ ಚೌಕಟ್ಟು ಇದನ್ನು ತೋರಿಸಲಾರದು.

ಕಯ್ಯೂರಿನ ರೈತ ಹೋರಾಟವನ್ನು ಕುರಿತ ನಿರಂಜನರ ‘ಚಿರಸ್ಮರಣೆ’ಯನ್ನು ಮೆಚ್ಚಿ ಓದಿದ ಮಿತ್ರರು ಈ ಮಾತುಗಳಿಂದ ನೊಂದುಕೊಳ್ಳಬಾರದು. ೧೯೪೩ರಲ್ಲಿ ಗಲ್ಲಿಗೇರಿದ ಆ ನಾಲ್ವರ ತ್ಯಾಗ ಸಣ್ಣದಲ್ಲ. ಜೋನ್ಸನ ಕೊಟ್ಟಿಗೆಯಲ್ಲಿ ಪ್ರಾಣಿಗಳು ಹಸಿದಿದ್ದುದೂ ಸುಳ್ಳಲ್ಲ. ಆರ್ವೆಲ್ಲನು ಅದನ್ನು ಎಲ್ಲಿಯೂ ಮರೆತಿಲ್ಲ.

ಈ ಗ್ರಂಥದಲ್ಲಿ ಅತ್ಯಂತ ಸೂಕ್ಷ್ಮವಾದ ಪಾತ್ರ ಯಾವುದೆಂದು ಕೇಳಿದರೆ ನಾವು ಕತ್ತೆ ಬೆಂಜಮಿನನನ್ನು ತೋರಿಸುವೆವು. ಹಂದಿಗಳಷ್ಟೇ ಚೆನ್ನಾಗಿ ಅವನು ಓದಬಲ್ಲನು, ಆದರೆ ಓದಲೊಲ್ಲನು. ಗೋಡೆಯ ಬರಹ ಬದಲಾದಾಗ ಅವನಿಗೆ ತಿಳಿಯುತ್ತದೆ, ಮಾತಿಲ್ಲ. ಮುದಿಯಾದ ಬಾಕ್ಸರನನ್ನು ಚಿಕಿತ್ಸೆಗೆಂದು ಬಂಡಿಯಲ್ಲಿ ಸಾಗಿಸುವಾಗ ಅದು ಕಟುಕನ ಬಂಡಿಯೆಂಬ ಬರಹವನ್ನು ಕೂಗಿ ಓದುತ್ತಾನೆ. ಅಷ್ಟರಲ್ಲಿ ಬಂಡಿಯ ಬಾಗಿಲು ಮುಚ್ಚಿದೆ. ಸೋವಿಯತ್ ಶಾಲೆಗಳಲ್ಲಿ ೧೯೮೮ರಲ್ಲಿ ಇತಿಹಾಸದ ಅಂತಿಮ ಪರೀಕ್ಷೆಯನ್ನೇ ಕೈಬಿಡಬೇಕಾಯಿತು. ಪಠ್ಯದಲ್ಲಿದ್ದುದು ಸುಳ್ಳೆಂದು ಒಪ್ಪಿದ ಬಳಿಕ ಯಾವ ಉತ್ತರಕ್ಕೆ ಅಂಕ ಕೊಡುವುದು? ಆ ಪಾಠವನ್ನು ವರ್ಷವರ್ಷವೂ ಒಪ್ಪಿಸಿಕೊಂಡು ಬಂದಿದ್ದ ಉಪಾಧ್ಯಾಯರಲ್ಲಿ ಬೆಂಜಮಿನರು ಎಷ್ಟು ಮಂದಿ ಇದ್ದರೋ!