ಕೆಂಪು ಗೆರೆಯ ಮಾತ್ರೆ

ಜಯನಗರದ ನಾಲ್ಕನೆಯ ಬ್ಲಾಕಿನಲ್ಲಾಗಲಿ, ಬಿಟಿಎಂ ಬಡಾವಣೆಯ ಪಿಜಿಗಳ ನಡುವಣ ಓಣಿಗಳಲ್ಲಾಗಲಿ, ಸಂಜೆಯ ಹೊತ್ತು ಮೆಡಿಕಲ್ ಶಾಪೊಂದರ ಮುಂದೆ ಕಾಲುಗಂಟೆ ನಿಂತವರಿಗೆ, ಗಂಟಲು ಕೆರೆತವೆಂದೋ ಮೈ ಬಿಸಿಯೆಂದೋ ಬಂದವರು ವೈದ್ಯರ ಚೀಟಿಯಿಲ್ಲದೆಯೇ ಅಜಿಥ್ರೊಮೈಸಿನ್ ಎಂಬ ಹೆಸರನ್ನು ಸಲೀಸಾಗಿ ಉಚ್ಚರಿಸುವುದೂ, ಅಂಗಡಿಯವನು ಕತ್ತರಿಯಿಂದ ಪಟ್ಟಿಯನ್ನು ತುಂಡರಿಸಿ ಎರಡು ಮಾತ್ರೆಗಳನ್ನು ಕೊಡುವುದೂ ಕಾಣದಿರದು. "ಎರಡು ದಿನಕ್ಕೆ ಸಾಕು ಅಣ್ಣಾ" ಎಂಬ ಮಾತಿನೊಡನೆ ಮುಗಿಯುವ ಈ ವ್ಯವಹಾರದ ಗುಣದೋಷಗಳನ್ನು ವಿಚಾರಿಸಬೇಕೆಂಬುದು ನನ್ನ ಬಹುದಿನದ ಇಚ್ಛೆ.

ಇದನ್ನು ಬರಿಯ ಅಜ್ಞಾನವೆಂದು ಹಳಿಯಲಾರೆ. ಊರು ಬಿಟ್ಟು ಬಂದ ಹುಡುಗನಿಗೆ ಒಂದು ದಿನದ ರಜೆಯೂ ವೈದ್ಯರ ಫೀಸೂ ಹೊರೆಯೇ. ಆದರೆ ನೆಗಡಿ, ಗಂಟಲುನೋವುಗಳಲ್ಲಿ ಬಹುಪಾಲು ವೈರಸ್ಸಿನಿಂದ ಬರತಕ್ಕವು. ಅಜಿಥ್ರೊಮೈಸಿನ್ ಕಟ್ಟಿಹಾಕುವುದು ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ನಿರ್ಮಿಸಿಕೊಳ್ಳುವ ಯಂತ್ರವನ್ನು. ವೈರಸ್ಸಿಗೆ ಅಂತಹ ಸ್ವಂತ ಯಂತ್ರವೇ ಇಲ್ಲ. ಹೀಗಾಗಿ ಗಂಟಲಿನ ವೈರಿ ಅಬಾಧಿತನಾಗಿ ಉಳಿದು, ಕರುಳಿನ ನಿರಪರಾಧಿ ಜೀವಾಣುಗಳು ಅಳಿದು, ಅವುಗಳಲ್ಲಿ ಔಷಧಕ್ಕೆ ಮಣಿಯದವು ಮಾತ್ರ ವೃದ್ಧಿಹೊಂದುತ್ತವೆ.

ಇದೇ ದಕ್ಷಿಣ ಬೆಂಗಳೂರಿನಲ್ಲಿ, ಹಳಬರು ಇಂದಿಗೂ ಟಿ.ಬಿ. ಸ್ಯಾನಿಟೋರಿಯಂ ಎಂದೇ ಕರೆಯುವ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ, ಈ ಎರಡು ಮಾತ್ರೆಗಳ ವ್ಯವಹಾರಕ್ಕೆ ತೀರ ವಿರುದ್ಧವಾದ ಪದ್ಧತಿಯೊಂದುಂಟು. ಕ್ಷಯದ ಔಷಧವಾದ ಐಸೋನಿಯಾಜಿಡ್‌ಗೆ ಜಗ್ಗದ ಕ್ಷಯಾಣು ಸುಮಾರು ಹತ್ತು ಲಕ್ಷಕ್ಕೆ ಒಂದರಂತೆ ತಾನಾಗಿಯೇ ಹುಟ್ಟಿರುತ್ತದೆ; ಶ್ವಾಸಕೋಶದ ಒಂದೇ ಕುಳಿಯಲ್ಲಿ ಕೋಟಿಗಟ್ಟಲೆ ಅಣುಗಳಿರುವಾಗ ಒಂದೇ ಔಷಧವನ್ನು ಕೊಡುವುದೆಂದರೆ ಆ ಮೊಂಡ ಅಣುವಿಗೆ ಪಟ್ಟಾಭಿಷೇಕ ಮಾಡಿದಂತೆ. ಆದುದರಿಂದಲೇ ಸಾಧಾರಣ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧಗಳು, ಅನಂತರದ ನಾಲ್ಕು ತಿಂಗಳು ಮೂರು. ಎಲ್ಲ ಸೋಂಕಿಗೂ ಇಷ್ಟು ದೀರ್ಘಾವಧಿ ಬೇಕಿಲ್ಲ, ಕೆಲವಕ್ಕೆ ಮೂರು ದಿನವೇ ಸಾಕು, ನಿಜ. ಆದರೆ ಆ ಅವಧಿಯನ್ನು ನಿರ್ಣಯಿಸಬೇಕಾದುದು ರೋಗದ ಸ್ವರೂಪವೇ ಹೊರತು ಕಿಸೆಯ ಚಿಲ್ಲರೆಯಲ್ಲ.

ಸರ್ಕಾರ ಸುಮ್ಮನಿದ್ದಿತೆನ್ನಲಾಗದು. 2014ರ ಮಾರ್ಚಿನಿಂದ ಜಾರಿಗೆ ಬಂದ, ಔಷಧ ನಿಯಮಗಳ ಎಚ್-1 ಪರಿಚ್ಛೇದವು 46 ಔಷಧಗಳನ್ನು ಹೆಸರಿಸಿ, ಅವುಗಳ ಮಾರಾಟವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂದು ವಿಧಿಸಿತು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆಯ, ಅಂದರೆ ಚೀಟಿಯಿಲ್ಲದೆ ಕೊಳ್ಳಬಾರದೆಂಬ, ಅರ್ಥವನ್ನು ಜನರಿಗೆ ತಿಳಿಸಲು ಹೊರಟಿತು. ಉದ್ದೇಶ ಶ್ಲಾಘ್ಯವೇ. ಆದರೆ ಆ 46ರಲ್ಲಿ ಸೆಫಿಕ್ಸಿಮ್ ಇದೆ, ನಮ್ಮ ಓಣಿಯ ಅಜಿಥ್ರೊಮೈಸಿನ್ ಇಲ್ಲ. ಅದು ಚೀಟಿಯನ್ನು ಕೇಳುವ, ಪ್ರತ್ಯೇಕ ಲೆಕ್ಕವನ್ನು ಕೇಳದ ಹಳೆಯ ಎಚ್ ಪಟ್ಟಿಯಲ್ಲಿಯೇ ಉಳಿದಿದೆ. ಎಲ್ಲಿ ಸೋರಿಕೆ ಅತಿಯಾಗಿದೆಯೋ ಅಲ್ಲಿಯೇ ಕಾವಲು ಸಡಿಲವಾಗಿರುವುದು ಈ ಶಾಸನದ ದೊಡ್ಡ ನ್ಯೂನತೆಯೆಂದು ನನ್ನ ಅಭಿಪ್ರಾಯ. ಕತ್ತರಿಯದಂತೂ ಇನ್ನೊಂದು ತೊಡಕು: ತುಂಡರಿಸಿದ ಮಾತ್ರೆಯಲ್ಲಿ ಎಷ್ಟೋ ವೇಳೆ ಹೆಸರೂ ಇರದು, ತಾರೀಖೂ ಇರದು.

1898ರ ಪ್ಲೇಗಿನ ತರುವಾಯ ನೆರೆಯ ಬಸವನಗುಡಿಯನ್ನು ಅಗಲವಾದ ಬೀದಿಗಳೊಡನೆ ನಿರ್ಮಿಸಿದವರ ಬಳಿ ಇಂತಹ ಮಾತ್ರೆಗಳಿರಲಿಲ್ಲ. ಗಾಳಿ, ಬೆಳಕು, ಶುಚಿತ್ವಗಳನ್ನೇ ನಂಬಿದ್ದರು. ನಮಗೆ ದೊರೆತಿರುವ ಮಾತ್ರೆ ಊರ ಕೆರೆಯ ನೀರಿನಂತೆ ಎಲ್ಲರದು, ಮೊಂಡುಬಿದ್ದ ಅಣು ಒಬ್ಬರಿಂದೊಬ್ಬರಿಗೆ ದಾಟುವುದರಿಂದ. ತೂಬಿನ ಬಳಿ ನೀರುಗಂಟಿ ಇರುವಂತೆ ಈ ಕಟ್ಟೆಗೆ ಔಷಧದಂಗಡಿಯವನಿದ್ದಾನೆ. ಕಳೆದ ಮಳೆಗಾಲದಲ್ಲಿ ಅಂಥವನೊಬ್ಬ, ಜ್ವರದ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮಾತ್ರೆ ಬೇಡಿದ ತಾಯಿಗೆ, "ಚೀಟಿ ಇಲ್ದೆ ಕೊಡಲ್ಲಮ್ಮಾ, ಜನರಲ್ ಆಸ್ಪತ್ರೆ ಇಲ್ಲೇ ಇದೆ, ಮಗೂನ ತೋರಿಸ್ಕೊಂಡು ಬನ್ನಿ" ಎಂದು, ಗಿರಾಕಿ ಕೈತಪ್ಪುವುದನ್ನೂ ಲೆಕ್ಕಿಸದೆ, ಕಟ್ಟೆಯಿಂದಿಳಿದು ಬಂದು ದಾರಿ ತೋರಿಸಿದುದನ್ನು ನಾನು ಕಂಡೆ.