ಸಪೋರ್ಟ್ ಇಲ್ಲದ ಪೆಟ್ಟಿಗೆ

ಕೆಟ್ಟ ವಸ್ತುವನ್ನು ಅಂಗಡಿಗೆ ಹೊತ್ತೊಯ್ದಾಗ ಮೊದಲೆಲ್ಲ ನಾವು ಕೇಳುತ್ತಿದ್ದ ಪ್ರಶ್ನೆ ಒಂದೇ: "ರಿಪೇರಿ ಆಗುತ್ತೇನಪ್ಪಾ?" ಮಿಕ್ಸಿಯಾಗಲಿ, ಇಸ್ತ್ರಿಪೆಟ್ಟಿಗೆಯಾಗಲಿ, ಅಂಗಡಿಯವನು ಬಿಚ್ಚಿ, ಮೂಸಿ, ತಿರುಗಿಸಿ ನೋಡಿ ಉತ್ತರ ಹೇಳುತ್ತಿದ್ದ. ಕಾಯಿಲ್ ಸುಟ್ಟಿದೆ, ಬುಷ್ ಸವೆದಿದೆ, ವೈರು ಕಡಿದಿದೆ. ಆಗುವುದಾದರೆ ಇಷ್ಟು ದುಡ್ಡು, ಆಗದಿದ್ದರೆ ಗುಜರಿಗೆ. ಏನೇ ಹೇಳಲಿ, ಅವನ ಉತ್ತರ ಆ ವಸ್ತುವಿನ ಒಳಗಿನಿಂದ ಬರುತ್ತಿತ್ತು. ಈಗ ಬಿಚ್ಚಿ ನೋಡುವ ಪದ್ಧತಿಯೇ ಹೋಗಿದೆ. ಹಿಂಬದಿಯ ಚೀಟಿ ಓದಿ, "ಇದಕ್ಕೆ ಸಪೋರ್ಟ್ ಇಲ್ಲ ಮೇಡಂ" ಎಂದು ಹೇಳಿ ಪೆಟ್ಟಿಗೆಯನ್ನು ನಮ್ಮತ್ತ ತಳ್ಳುತ್ತಾರೆ. ವಸ್ತುವಿಗೆ ಏನೂ ಆಗಿಲ್ಲದಿದ್ದರೂ ಅದು ಸತ್ತಿದೆಯೆಂದು ತೀರ್ಪು. ಈ ಮಾತಿನಲ್ಲಿ ನಿಜವೆಷ್ಟು, ಬರಿಯ ಬೆದರಿಕೆಯೆಷ್ಟು ಎಂದು ವಿಮರ್ಶೆ ಮಾಡಿ ನೋಡುವ ಕಾಲ ಬಂದಿದೆ. ನಮ್ಮ ಮನೆಯ ಒಂದು ನೆಟ್‌ಬುಕ್ಕನ್ನು ಮುಂದಿಟ್ಟುಕೊಂಡೇ ನಾನು ಆ ಕೆಲಸ ಮಾಡುತ್ತೇನೆ.

ನೆಟ್‌ಬುಕ್ ಎಂದರೆ ಲ್ಯಾಪ್‌ಟಾಪಿನ ತಂಗಿ. 2007ರಲ್ಲಿ ಆಸುಸ್ ಕಂಪನಿ ಏಳು ಅಂಗುಲದ ಪರದೆಯ ಒಂದು ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಬೆಲೆ ತಗ್ಗಿಸಲೆಂದು ಅದರೊಳಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದರು. ಅದು ಬಿಸಿ ದೋಸೆಯಂತೆ ಖರ್ಚಾಯಿತು. ಮರುವರ್ಷ ಇಂಟೆಲ್ ಕಂಪನಿ ಇಂಥ ಯಂತ್ರಗಳಿಗೆಂದೇ ಆಟಂ ಎಂಬ ಸಣ್ಣ ಚಿಪ್ಪನ್ನು ತಂದಿತು, ಎಲ್ಲ ಕಂಪನಿಗಳೂ ನೆಟ್‌ಬುಕ್ ಮಾಡಲು ನಿಂತವು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಇದರ ಗ್ರಹಚಾರ ಕೆಟ್ಟಿತು. 2012-13ರ ಹೊತ್ತಿಗೆ ದೊಡ್ಡ ಕಂಪನಿಗಳು ತಯಾರಿಕೆಯನ್ನೇ ಕೈಬಿಟ್ಟವು. ಐದಾರು ವರ್ಷಗಳ ಬಾಳು ಅಷ್ಟೆ.

ಆದರೆ ಆ ಐದಾರು ವರ್ಷಗಳಲ್ಲಿ ಮನೆಮನೆಗೆ ಬಂದ ನೆಟ್‌ಬುಕ್ಕುಗಳು ಎಲ್ಲಿ ಹೋದವು? ಮಕ್ಕಳು ದೊಡ್ಡ ಲ್ಯಾಪ್‌ಟಾಪ್ ಕೊಂಡರು, ಗಂಡಂದಿರಿಗೆ ಆಫೀಸಿನಿಂದ ಬಂತು, ಈ ಪುಟ್ಟದು ಮನೆಯ ಹೆಂಗಸರ ಪಾಲಿಗೆ ಉಳಿಯಿತು. ಹಳೆಯ ಬೆಡ್‌ಶೀಟು, ಸೊಟ್ಟ ಪಾತ್ರೆ ಉಳಿಯುವ ಹಾಗೆ. ನಮ್ಮಲ್ಲಿ ಅದು ಅತ್ತೆಯವರ ಕೈ ಸೇರಿತು. ತೂಕ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಮಣೆಯ ಮೇಲಿಟ್ಟುಕೊಂಡು ನೆಲದಲ್ಲೇ ಕೂತು ಬರೆಯಬಹುದು. ಅತ್ತೆ ಹಾಸನದ ಕಡೆಯವರು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರ ಹಾಡು ಎಂದು ಅವರ ತಾಯಿ, ಸೋದರತ್ತೆಯರಿಂದ ಬಂದದ್ದನ್ನೆಲ್ಲ ನುಡಿ ತಂತ್ರಾಂಶದಲ್ಲಿ ಟೈಪು ಮಾಡುತ್ತಾ ಬಂದರು. ಇನ್ನೂರಕ್ಕೂ ಹೆಚ್ಚು ಹಾಡುಗಳಾದವು. ಅವುಗಳಲ್ಲಿ ಎಷ್ಟೋ ಹಾಡು ಬೇರೆಲ್ಲೂ ಬರೆದಿಟ್ಟಿದ್ದಲ್ಲ.

ಇನ್ನು ಅದರೊಳಗಿನ ವ್ಯವಸ್ಥೆಯ ವಿಚಾರ. 2010ರಲ್ಲಿ ಕೊಂಡಾಗ ಅದರಲ್ಲಿ ಇದ್ದದ್ದು ‘ವಿಂಡೋಸ್ 7 ಸ್ಟಾರ್ಟರ್’. ನೆಟ್‌ಬುಕ್ಕಿನಂಥ ಅಗ್ಗದ ಯಂತ್ರಗಳಿಗೆಂದು ಮೈಕ್ರೋಸಾಫ್ಟ್ ಮಾಡಿದ ಕತ್ತರಿಸಿದ ಆವೃತ್ತಿ. ಅದರಲ್ಲಿ ಪರದೆಯ ಹಿನ್ನೆಲೆಯ ಚಿತ್ರವನ್ನೂ ಬದಲಾಯಿಸುವ ಹಾಗಿರಲಿಲ್ಲ! ದುಡ್ಡು ಕೊಟ್ಟು ಕೊಂಡ ಯಂತ್ರದಲ್ಲಿ ಮೊಮ್ಮಗಳ ಫೋಟೋ ಹಾಕಿಕೊಳ್ಳಲು ಅನುಮತಿಯಿಲ್ಲ. ಗೋಡೆಗೆ ಮೊಳೆ ಹೊಡೆಯಬೇಡಿ ಎನ್ನುವ ಮನೆ ಮಾಲೀಕರ ಬಳಿ ಬಾಡಿಗೆಗಿದ್ದವರಿಗೆ ಇದು ಅರ್ಥವಾಗುತ್ತದೆ. ಇಲ್ಲಿ ತಮಾಷೆಯೆಂದರೆ ಬಾಡಿಗೆದಾರಳು ಎಂದು ಯಾರೂ ಹೇಳಿರಲಿಲ್ಲ, ಕೊಳ್ಳುವವಳು ಎಂದೇ ಕರೆದಿದ್ದರು.

ಎರಡನೆಯ ತೊಂದರೆ ಪರದೆಯದು. ನೆಟ್‌ಬುಕ್ಕಿನ ಪರದೆ ಅಡ್ಡಕ್ಕೆ 1024 ಚುಕ್ಕಿ, ಎತ್ತರಕ್ಕೆ 600. ತಂತ್ರಾಂಶ ಬರೆಯುವವರು ದೊಡ್ಡ ಪರದೆಯ ಮುಂದೆ ಕೂತು ಬರೆಯುತ್ತಾರೆ. ಹೀಗಾಗಿ ಎಷ್ಟೋ ಕಿಟಕಿಗಳಲ್ಲಿ ‘ಓಕೆ’ ಎನ್ನುವ ಗುಂಡಿ ಪರದೆಯ ಕೆಳಗೆ, ಕಾಣದ ಜಾಗದಲ್ಲಿ ಇರುತ್ತಿತ್ತು. ಅಟ್ಟದ ಮೇಲಿನ ಡಬ್ಬಿಯನ್ನು ಎಟುಕಿಸುವ ಹಾಗೆ ಕೀಲಿಮಣೆಯಲ್ಲಿ ತಡಕಾಡಿ ಒತ್ತಬೇಕು. ವಿಂಡೋಸ್ 8 ಬಂದಾಗ ಅದರ ಹೊಸ ಮಾದರಿಯ ಆಪ್‌ಗಳಿಗೆ ಕನಿಷ್ಠ 768 ಎತ್ತರ ಬೇಕೆಂದರು. ಅಲ್ಲಿಗೆ ನೆಟ್‌ಬುಕ್ಕುಗಳನ್ನು ಪಂಕ್ತಿಯಿಂದ ಎಬ್ಬಿಸಿದಂತಾಯಿತು. ವಿಂಡೋಸ್ 10 ಮತ್ತೆ ಒಳಗೆ ಕರೆಯಿತು. ಕಾಗದದ ಮೇಲೆ ಒಂದು ಜಿಬಿ ನೆನಪಿನ ಯಂತ್ರಕ್ಕೂ ಅದು ಸಾಲುತ್ತದೆಂದು ಬರೆದಿದ್ದರು. ಅಂಗಡಿಯೊಂದರಲ್ಲಿ ಹಾಕಿಸಿದೆವು. ಗುಂಡಿ ಒತ್ತಿ, ಹಾಲು ಕಾಯಿಸಿ, ಕಾಫಿ ಬೆರೆಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದಿನ್ನೂ ಏಳುತ್ತಲೇ ಇರುತ್ತಿತ್ತು.

ಆಮೇಲೆ ಬಂದದ್ದು ದಿನಾಂಕಗಳ ಕಾಟ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಸಪೋರ್ಟ್ ಮುಗಿಯಿತು. ವಿಂಡೋಸ್ 7ಕ್ಕೆ 2020ರ ಜನವರಿ 14. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಬೇಕೆಂದವರಿಗೆ ಮೇಲೆ ಒಂದು ವರ್ಷದ ವಾಯಿದೆ ಕೊಟ್ಟರು. 2021ರಲ್ಲಿ ಬಂದ ವಿಂಡೋಸ್ 11 ಕೇಳುವುದು ನಾಲ್ಕು ಜಿಬಿ ನೆನಪು, 64 ಜಿಬಿ ಜಾಗ, ಜೊತೆಗೆ ಟಿಪಿಎಂ ಎಂಬ, ಬೀಗದ ಕೈಗಳನ್ನು ಕಾಯುವ ಒಂದು ಚಿಪ್ಪು. ನೆಟ್‌ಬುಕ್ಕಿನಲ್ಲಿ ಅದು ಎಲ್ಲಿಂದ ಬರಬೇಕು? ಅದಿರಲಿ, ನಾಲ್ಕೈದು ವರ್ಷದ ಹಿಂದೆ ಲಕ್ಷಾಂತರ ಮನೆಗಳು ಬಳಸುತ್ತಿದ್ದ ಒಳ್ಳೆಯ ಕಂಪ್ಯೂಟರುಗಳಲ್ಲೇ ಎಷ್ಟೋ ಈ ಪರೀಕ್ಷೆಯಲ್ಲಿ ನಪಾಸಾದವು.

ನ್ಯಾಯವಾಗಿ ಹೇಳಬೇಕೆಂದರೆ, ಕಂಪನಿಯವರ ಮಾತಿನಲ್ಲಿ ಹುರುಳಿದೆ. ಸಪೋರ್ಟ್ ಎಂದರೆ ಕಳ್ಳಗಿಂಡಿ ಕಂಡಾಗಲೆಲ್ಲ ಮುಚ್ಚಿಕೊಡುವ ಕೆಲಸ. ಅದು ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು, ಚಿಲಕ ಮುರಿದ ಬಾಗಿಲ ಹಿಂದೆ ಒಡವೆ ಇಟ್ಟ ಹಾಗೆ. ಇದನ್ನು ಬೆದರಿಕೆಯೆಂದು ತಳ್ಳಿಹಾಕಬಾರದು. ನನ್ನ ತಕರಾರು ಇರುವುದು ಬೇರೆ ಕಡೆ. ಚಿಲಕ ಮುರಿದಿದೆ ಎಂದರೆ ಚಿಲಕ ಹಾಕಿಸು ಎನ್ನಬೇಕಲ್ಲವೆ? ಮನೆ ಕೆಡವಿ ಹೊಸದು ಕಟ್ಟಿಸು ಎನ್ನುವುದು ಯಾವ ನ್ಯಾಯ?

ಸಪೋರ್ಟ್ ಇಲ್ಲದಿರುವುದರಲ್ಲೂ ಎರಡು ಬಗೆಯಿದೆ. 2008-09ರ ಸುಮಾರಿಗೆ ಹೊರದೇಶಗಳ ಹುಡುಗರಿಗೆ ಒಂದು ಹುಚ್ಚು ಹತ್ತಿತ್ತು: ಡೆಲ್ ಕಂಪನಿಯ ಮಿನಿ 9 ಎಂಬ ಅಗ್ಗದ ನೆಟ್‌ಬುಕ್ಕಿಗೆ ಆಪಲ್ ಕಂಪನಿಯ ಮ್ಯಾಕ್ ವ್ಯವಸ್ಥೆಯನ್ನು ಹಾಕುವುದು. ತಮ್ಮ ಯಂತ್ರದ ಹೊರತು ಬೇರೆಲ್ಲೂ ಅದನ್ನು ಹಾಕಕೂಡದೆಂದು ಆಪಲ್‌ನ ಪರವಾನಗಿಯಲ್ಲೇ ಇದೆ. 2009ರ ನವೆಂಬರಿನ ಹೊಸ ಆವೃತ್ತಿಯಲ್ಲಿ ಆಟಂ ಚಿಪ್ಪಿನ ಮೇಲೆ ಅದು ಓಡದಂತಾಯಿತು. ಹುಡುಗರು ಮತ್ತೆ ದಾರಿ ಹುಡುಕಿದರು. ಅವರ ಜಾಣತನವನ್ನು ಮೆಚ್ಚಬಹುದು, ಆದರೆ ಅದು ಬೇರೆಯವರ ಸೀರೆ ಉಟ್ಟು ಮೆರೆದ ಹಾಗೆ. ಒಡತಿ ಬಂದು ಸೆರಗು ಹಿಡಿದರೆ ಮಾತಾಡುವ ಹಾಗಿಲ್ಲ. ಮಾಡಿದವರೇ ಕೈಬಿಟ್ಟುಹೋದ ಯಂತ್ರವನ್ನು ಬದುಕಿಸಿಕೊಳ್ಳುವುದು ಇದಲ್ಲ. ಅದು ನಮ್ಮದೇ ಸೀರೆಗೆ ತೇಪೆ ಹಾಕಿದ್ದು. ಅಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ತೇಪೆ ಹಾಕಿದ್ದು ಹೀಗೆ. ಪಕ್ಕದ ಮನೆಯ, ಎಂಜಿನಿಯರಿಂಗ್ ಓದುವ ಹುಡುಗಿ, "ಆಂಟಿ, ಲಿನಕ್ಸ್ ಹಾಕಿ ನೋಡಿ" ಎಂದಳು. ಮೊದಲು ಅತ್ತೆಯವರ ಹಾಡುಗಳನ್ನೆಲ್ಲ, ನುಡಿಯ ಅಕ್ಷರಗಳ ಫೈಲುಗಳ ಸಮೇತ, ಎರಡು ಪೆನ್ ಡ್ರೈವಿಗೆ ತೆಗೆದಿಟ್ಟೆ. ಯಾರೇ ಈ ಕೆಲಸಕ್ಕೆ ಕೈಹಾಕಲಿ, ಇದು ಮೊದಲ ಹೆಜ್ಜೆ. ಹೊಸ ವ್ಯವಸ್ಥೆ ಕೂರುವಾಗ ಹಳೆಯದೆಲ್ಲ ಅಳಿಸಿಹೋಗುತ್ತದೆ. ಮತ್ತೊಂದು ಪೆನ್ ಡ್ರೈವಿಗೆ ಡೆಬಿಯನ್ 12ನ್ನು ತುಂಬಿದೆವು. ನಮ್ಮ ನೆಟ್‌ಬುಕ್ಕಿನಂಥ 32 ಬಿಟ್ ಯಂತ್ರಗಳಿಗೂ ದೊರೆಯುವ, ಕಾಸಿಲ್ಲದ ಲಿನಕ್ಸ್ ಅದು. ಯಂತ್ರ ಏಳುವಾಗ ಒಂದು ಕೀಲಿ ಒತ್ತಿ ಪೆನ್ ಡ್ರೈವಿನಿಂದ ಏಳು ಎಂದರೆ, ಮೊದಲ ಪರದೆಯಲ್ಲೇ ಭಾಷೆಗಳ ಪಟ್ಟಿ. ಅದರಲ್ಲಿ ಕನ್ನಡ! ದುಡ್ಡು ಕೊಟ್ಟದ್ದರಲ್ಲಿ ಮೊಮ್ಮಗಳ ಫೋಟೋ ಹಾಕಲು ಬಿಡಲಿಲ್ಲ, ಪುಕ್ಕಟೆ ಬಂದದ್ದು ಕನ್ನಡದಲ್ಲಿ ಮಾತಾಡಿಸಿತು. ಹಗುರವಾದ ಎಲ್‌ಎಕ್ಸ್‌ಡಿಇ ಎಂಬ ಮುಖಪುಟ ಆರಿಸಿಕೊಂಡೆ. ಕೆಲಸ ಮುಗಿಯಲು ಒಂದು ಮಧ್ಯಾಹ್ನ ಹಿಡಿಯಿತು. ಕೀಲಿಮಣೆಯ ಪಟ್ಟಿಯಲ್ಲಿ ‘ಕಗಪ’ ಎಂಬುದೂ ಸಿಕ್ಕಿತು. ಅದು ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊಟಕು. ನುಡಿಯಲ್ಲಿ ಪಳಗಿದ ಅತ್ತೆಯವರ ಬೆರಳು ಹೊಸದೇನೂ ಕಲಿಯಬೇಕಾಗಲಿಲ್ಲ. ಕನ್ನಡ ಅಕ್ಷರಗಳ ಹೆಸರು ನೋಡಿದರೆ ಕೇದಗೆ, ಮಲ್ಲಿಗೆ, ನವಿಲು, ಗುಬ್ಬಿ. ‘ಓಕೆ’ ಗುಂಡಿ ಕೆಳಗೆ ಮುಳುಗಿದರೆ ಆಲ್ಟ್ ಕೀಲಿ ಒತ್ತಿ ಕಿಟಕಿಯನ್ನೇ ಮೇಲಕ್ಕೆಳೆಯಬಹುದು. ಸಣ್ಣ ವಿಷಯ, ಆದರೆ ಸಣ್ಣ ಪರದೆಯವರೂ ಇದ್ದಾರೆಂದು ಯಾರೋ ನೆನೆದಿದ್ದಾರೆ.

ಹಾಗೆಂದು ಇದನ್ನು ಹೊಗಳಿ ಅಟ್ಟಕ್ಕೇರಿಸಲಾರೆ. ಇಂದಿನ ಜಾಲತಾಣಗಳು ಒಂದು ಜಿಬಿಯ ಯಂತ್ರವನ್ನು ಉಸಿರುಗಟ್ಟಿಸುತ್ತವೆ. ವಿಡಿಯೋ ಮರೆತುಬಿಡಬೇಕು. ಬಿಟ್ಟುಹೋಗುವ ಚಾಳಿ ಲಿನಕ್ಸಿನ ಮನೆಯಲ್ಲೂ ಇದೆ: ಉಬುಂಟು 2017ರಲ್ಲೇ 32 ಬಿಟ್ ಡೆಸ್ಕ್‌ಟಾಪನ್ನು ಬಿಟ್ಟಿತು, 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅಂಥ ಯಂತ್ರಗಳಿಗೆ ಸ್ಥಾಪಕವನ್ನೇ ಕೊಡಲಿಲ್ಲ, ಅದೇ ವರ್ಷ ಫೈರ್‌ಫಾಕ್ಸ್ ಕೂಡ 32 ಬಿಟ್ ಲಿನಕ್ಸಿಗೆ ಹೊಸ ಆವೃತ್ತಿ ನಿಲ್ಲಿಸಿತು. ಹಾಗಾಗಿ ನಮ್ಮ ನೆಟ್‌ಬುಕ್ಕಿಗೆ ಬ್ಯಾಂಕಿನ ಕೆಲಸ ಇಲ್ಲ, ಇಂಟರ್ನೆಟ್ಟೂ ಇಲ್ಲ. ಅದೀಗ ಬರೆಯುವ ಯಂತ್ರ. ಬರೆಯಲು ಅದು ಧಾರಾಳ ಸಾಕು.

ಆದರೆ ಹಾಡುಗಳು? ಫೈಲು ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಅತ್ತೆ ಇಣುಕಿ ನೋಡಿ, "ಇದೇನೇ, ಬೀಗರ ಹಾಡು ಹೋಗಿ ಬೈಗುಳವಾಯ್ತಾ?" ಎಂದರು. ಇದರ ಕಾರಣವೇ ಈ ವಿಮರ್ಶೆಯ ತಿರುಳು.

ಕನ್ನಡ ಕಂಪ್ಯೂಟರಿಗೆ ಬಂದದ್ದೇ ಸಪೋರ್ಟ್ ಇಲ್ಲದೆ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ವಿಂಡೋಸ್‌ನಲ್ಲಿ ಕನ್ನಡ ಮೂಡಿದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಕ್ಷರದೊಂದಿಗೆ. ಅಲ್ಲಿಯವರೆಗೆ ನಮ್ಮವರು ಕೈಕಟ್ಟಿ ಕೂರಲಿಲ್ಲ. ಕೆ.ಪಿ. ರಾವ್ ಅವರು ಉಚ್ಚಾರಕ್ಕೆ ಹೊಂದುವ ಕೀಲಿಮಣೆ ರೂಪಿಸಿದರು. ಇಂದಿನ ನುಡಿಗೂ ಅದೇ ತಳಹದಿ. ಶೇಷಾದ್ರಿವಾಸು ಅವರು 1998ರಲ್ಲಿ ಬರಹವನ್ನು ತಂದರು. ಪರಿಷತ್ತಿನವರು ನುಡಿಯನ್ನು ಮಾಡಿದರು. ಉಪಾಯ ಏನೆಂದರೆ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೆಂದೇ ನಂಬಿಸಿ, ಅವುಗಳ ಮೈಮೇಲೆ ಕನ್ನಡದ ಆಕಾರಗಳನ್ನು ತೊಡಿಸುವುದು. ಆ ತೊಡಿಗೆಯ ಫೈಲು ಇಲ್ಲದ ಯಂತ್ರದಲ್ಲಿ ಹಾಡು ಬೈಗುಳವಾಗುತ್ತದೆ. ತೆಗೆದಿಟ್ಟಿದ್ದ ನುಡಿಯ ಅಕ್ಷರಗಳನ್ನು ಹಾಕಿದ ಕೂಡಲೇ ಹಾಡುಗಳು ಮರಳಿದವು. ಆಮೇಲೆ ಅವನ್ನು ಪರಿವರ್ತಕದಿಂದ ಯೂನಿಕೋಡಿಗೆ ಬದಲಾಯಿಸಿದೆ. ಕೆಲವೆಡೆ ಅರ್ಕಾವತ್ತು ಎಡವಿತು. ಅತ್ತೆ ಹಾಡುತ್ತಾ ಹೋದರು, ನಾನು ತಿದ್ದುತ್ತಾ ಹೋದೆ. ಈಗ ಅವು ಯಾವ ಯಂತ್ರದಲ್ಲೂ ತೆರೆಯುತ್ತವೆ.

ನಾವಿರುವ ಸಿಂಗಾಪುರ, ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ. ಬೆಂಗಳೂರಿನ ಉತ್ತರಕ್ಕೆ, ವಿದ್ಯಾರಣ್ಯಪುರದ ಮಗ್ಗುಲಲ್ಲಿ ಕೆರೆಯಿರುವ ಊರು. ಇಲ್ಲಿಗೆ ಸಮೀಪದ ಜಾಲಹಳ್ಳಿಯ ಬಿಇಎಲ್ ಕಂಪನಿ 2004ರಲ್ಲಿ ಅಮಿಡಾ ಸಿಂಪ್ಯೂಟರನ್ನು ತಯಾರಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಕೂಡಿ ರೂಪಿಸಿದ, ಲಿನಕ್ಸಿನ ಮೇಲೆ ಓಡುವ, ಅಂಗೈಯಗಲದ ಕಂಪ್ಯೂಟರ್ ಅದು. ಬಡವರಿಗೆ, ನಮ್ಮ ಭಾಷೆಗಳಿಗೆ ಒದಗಲಿ ಎಂಬ ಆಸೆಯಿತ್ತು. ಜಗತ್ತು ಹೊಗಳಿತು, ಕೊಳ್ಳುವವರು ಮಾತ್ರ ಸಾಕಷ್ಟು ಬರಲಿಲ್ಲ. ಯೋಜನೆ ಸೋತಿರಬಹುದು, ಆದರೆ ಅದರ ಹಿಂದಿದ್ದ ಪ್ರಶ್ನೆ ಸೋತಿಲ್ಲ: ಕಂಪ್ಯೂಟರ್ ಯಾರ ಅಳತೆಗೆ ಹೊಲಿದದ್ದಿರಬೇಕು?

ಊರ ಸುತ್ತ ಹೊಲಗಳು ಸೈಟುಗಳಾದ ಈ ಭಾಗದ ಹೆಂಗಸರಿಗೆ ‘ಬಿ ಖಾತಾ’ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆ ಗಟ್ಟಿಯಿದೆ, ಒಲೆ ಉರಿಯುತ್ತಿದೆ, ತೆರಿಗೆಯನ್ನೂ ಕಟ್ಟಿದ್ದೇವೆ, ಆದರೂ ಕಡತದಲ್ಲಿ ಅದು ಅರ್ಧ ಮನೆ. ಹಾಗೆಂದು ಯಾರೂ ಮನೆ ಬಿಟ್ಟು ಹೋಗಲಿಲ್ಲ. ಪತ್ರ ಸರಿಮಾಡಿಸಲು ಓಡಾಡುತ್ತಲೇ ಅದರಲ್ಲಿ ಮಕ್ಕಳ ಮದುವೆ ಮಾಡಿದೆವು. ‘ಸಪೋರ್ಟ್ ಇಲ್ಲ’ ಎಂಬುದನ್ನೂ ಇಷ್ಟೇ ತೂಕದಿಂದ ಕೇಳಬೇಕು. ಅದು ಕಡತದ ಮಾತು. ಅದರಲ್ಲಿರುವ ಎಚ್ಚರಿಕೆಯನ್ನು ತೆಗೆದುಕೊಳ್ಳೋಣ, ದುಡ್ಡಿನ ವ್ಯವಹಾರವನ್ನು ಸುಭದ್ರ ಯಂತ್ರದಲ್ಲೇ ಮಾಡೋಣ. ಹಾಗೆಂದು ಆ ಮಾತನ್ನೇ ಕೊನೆಯ ತೀರ್ಪೆಂದು ಒಪ್ಪಬೇಕಾಗಿಲ್ಲ.

ಮುಂದಿನ ಸಲ ಅಂಗಡಿಯವರು ಹೀಗೆಂದಾಗ ಎರಡು ಪ್ರಶ್ನೆ ಕೇಳಿ: ಸಪೋರ್ಟ್ ನಿಲ್ಲಿಸಿದವರು ಯಾರು? ನನಗೆ ಬೇಕಾದ ಕೆಲಸವನ್ನು ಇದು ಇನ್ನೂ ಮಾಡಬಲ್ಲುದೆ? ಎರಡನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಪೆಟ್ಟಿಗೆಯನ್ನು ಮನೆಗೆ ತನ್ನಿ. ಅದಕ್ಕೂ ಮೊದಲು, ಯಾವ ಯಂತ್ರದಲ್ಲೇ ಆಗಲಿ, ಹಳೆಯ ಅಕ್ಷರಗಳಲ್ಲಿ ಬರೆದಿಟ್ಟ ಅಡುಗೆ, ಹಾಡು, ಪತ್ರ, ಲೆಕ್ಕಗಳಿದ್ದರೆ ಯೂನಿಕೋಡಿಗೆ ಬದಲಾಯಿಸಿ ಎರಡು ಕಡೆ ಇಡಿ. ಪೆಟ್ಟಿಗೆ ಇಂದಲ್ಲ ನಾಳೆ ನಿಲ್ಲುವಂಥದ್ದೇ. ಅತ್ತೆಯವರು ನಿನ್ನೆ ತವರಿನ ಕಡೆಯವರ ಬಾಯಲ್ಲಿ ಕೇಳಿದ ಮತ್ತೊಂದು ಆರತಿ ಹಾಡನ್ನು ಅದರಲ್ಲಿ ಸೇರಿಸುತ್ತಿದ್ದರು. ಮೂರನೆಯ ನುಡಿ ಇನ್ನೂ ನೆನಪಾಗಿಲ್ಲವಂತೆ.